ಕಾಯುವ ಬೆಂಚಿನ ಡಾಕ್ಟರು

ಡಾಕ್ಟರ್ ಗಿರಿಜಮ್ಮ ತಮ್ಮ ಕುರ್ಚಿಯಲ್ಲಿ ಕೂತದ್ದಕ್ಕಿಂತ ಕಾಯುವವರ ಬೆಂಚಿನಲ್ಲಿ ಕೂತದ್ದೇ ಹೆಚ್ಚು. ಬಸವೇಶ್ವರನಗರದ ಅವರ ಹಲ್ಲಿನ ಕ್ಲಿನಿಕ್ಕಿನಲ್ಲಿ ಬಿಳಿ ಕೋಟು ತನ್ನ ಪಾಡಿಗೆ ಗೂಟದಲ್ಲಿ ನೇತಾಡುತ್ತಿತ್ತು. ಇವರು ಕಾಟನ್ ಸೀರೆಯುಟ್ಟು, ಯಾರದೋ ಮಗುವಿನ ಅಜ್ಜಿಯ ಹಾಗೆ ಹೊರಗೆ ಕೂತು ಮಕ್ಕಳನ್ನು ನೋಡುತ್ತಿದ್ದರು. "ಒಳಗೆ ಕರೆದ್ರೆ ನಾಟಕ ಶುರು ಮಾಡ್ತವೆ. ಇಲ್ಲಿ ಮನೇಲಿ ಇದ್ದ ಹಾಗೇ ಇರ್ತವೆ" ಎನ್ನುತ್ತಿದ್ದರು.

ಇದು ಗೊತ್ತಿಲ್ಲದೆ ನಾನು ಸಿಕ್ಕಿಬಿದ್ದೆ. ಮಗಳು ಸಿಂಚನಾಗೆ ಆಗ ಎಂಟು ವರ್ಷ. ಮೇಲಿನ ಹಲ್ಲು ಮುಂದೆ ಬಂದಿತ್ತು, ಬಾಯಿ ಸದಾ ತೆರೆದೇ ಇರುತ್ತಿತ್ತು. ಮೂರು ತಿಂಗಳಿಗೆ ನನ್ನ ತಂಗಿಯ ಮದುವೆ. ಅಷ್ಟರೊಳಗೆ ಕ್ಲಿಪ್ಪು ಹಾಕಿಸಿ ಹಲ್ಲು ಒಳಗೆ ತಳ್ಳಿಸಬೇಕೆಂದು ನನ್ನ ತರಾತುರಿ. ಒಮ್ಮೆ ಗಡಿಯಾರ ನೋಡುವುದು, ಒಮ್ಮೆ ಮಗಳನ್ನು ನೋಡುವುದು. "ಬಾಯಿ ಮುಚ್ಚೇ, ನೊಣ ಹೋಗತ್ತೆ" ಎಂದು ಗದ್ದಕ್ಕೆ ಒಂದು ಏಟು ಹಾಕಿದೆ.

ಪಕ್ಕದಲ್ಲಿದ್ದ ಹೆಂಗಸು ಕೇಳಿದರು: "ದಿನಕ್ಕೆ ಎಷ್ಟು ಸಲ ಹೀಗೆ ಹೊಡೀತೀರಾ?"

"ಯಾರಿಗೆ ಗೊತ್ತು ಆಂಟಿ. ಹೇಳಿ ಹೇಳಿ ಸಾಕಾಗಿದೆ."

ಅವರು ಎದ್ದು ಗೂಟದಿಂದ ಕೋಟು ತೆಗೆದು ಹಾಕಿಕೊಂಡಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕ್ಲಿಪ್ಪಿನ ಮಾತೇ ಎತ್ತಲಿಲ್ಲ. ಮುಖದ ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು, ಮೂಗಿನ ಹಿಂದಿನ ಜಾಗವನ್ನು ಪೆನ್ನಿನಿಂದ ತೋರಿಸಿದರು. "ಇಲ್ಲಿ ಮಾಂಸ ಊದಿದೆ, ಅಡಿನಾಯ್ಡ್ ಅಂತಾರೆ. ಉಸಿರಿಗೆ ದಾರಿ ಇಷ್ಟೇ ಇಷ್ಟು. ಅದಕ್ಕೇ ಬಾಯಲ್ಲಿ ಉಸಿರಾಡ್ತಾಳೆ. ಬಾಯಿ ತೆರೆದೇ ಇದ್ರೆ ನಾಲಿಗೆ ಕೆಳಗೆ ಬೀಳತ್ತೆ, ಮೇಲಿನ ದವಡೆ ಅಗಲ ಆಗಲ್ಲ, ಹಲ್ಲಿಗೆ ಜಾಗ ಸಾಲಲ್ಲ. ಎಲ್ಲಾ ಮಕ್ಕಳಿಗೂ ಹೀಗೇ ಅಂತಲ್ಲ, ಇವಳಿಗೆ ಹೀಗಾಗಿರೋ ಹಾಗಿದೆ. ಮೊದಲು ಮೂಗಿನ ಡಾಕ್ಟರ್ ಹತ್ರ ಹೋಗಿ. ಹಲ್ಲು ಎಲ್ಲೂ ಓಡಿಹೋಗಲ್ಲ." ಆಮೇಲೆ ದನಿ ತಗ್ಗಿಸಿ, "ಉಸಿರಾಡಿದ್ದಕ್ಕೆ ಹೊಡೆದಿದೀರಿ. ಮಗು ಹತ್ರ ತಪ್ಪಾಯ್ತು ಅಂತ ಕೇಳ್ಬಿಡಿ" ಎಂದರು.

ನನಗೆ ಮೈ ಉರಿಯಿತು. ಕ್ಲಿಪ್ಪೂ ಇಲ್ಲ, ಮೇಲೆ ಬುದ್ಧಿಮಾತು ಬೇರೆ. ಮದುವೆಯ ಫೋಟೋಗಳಲ್ಲೆಲ್ಲ ಸಿಂಚನಾ ಬಾಯಿ ತೆರೆದುಕೊಂಡೇ ನಿಂತಿದ್ದಾಳೆ.

ಮದುವೆ ಮುಗಿದ ಮೇಲೆ ಆಪರೇಷನ್ ಆಯಿತು. ಮೂಗಿನಲ್ಲಿ ಉಸಿರಾಡುವುದನ್ನು ಅವಳು ನಿಧಾನಕ್ಕೆ ಕಲಿತಳು, ಆಮೇಲೆ ಕ್ಲಿಪ್ಪೂ ಬಂತು. ಪ್ರತಿ ಸಲ ಹೋದಾಗಲೂ ಗಿರಿಜಮ್ಮ ನನ್ನ ಕಡೆ ತಿರುಗಿ "ಕೇಳಿದ್ರಾ?" ಎನ್ನುತ್ತಿದ್ದರು. ನಾನು ಟ್ರಾಫಿಕ್ಕು, ಪರೀಕ್ಷೆ ಎಂದು ಏನೋ ಒದರುತ್ತಿದ್ದೆ. ಹೆತ್ತ ಮಗಳ ಹತ್ತಿರ ತಪ್ಪಾಯಿತು ಎನ್ನುವುದು ಹೇಗೆ? ನಮ್ಮ ಮನೆಯಲ್ಲಿ ದೊಡ್ಡವರು ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ. ಆದರೆ ಅವಳ ಗದ್ದ ಕಂಡಾಗಲೆಲ್ಲ ಜೀವ ಚಡಪಡಿಸುತ್ತಿತ್ತು.

ಕಳೆದ ತಿಂಗಳು ಕ್ಲಿಪ್ಪು ತೆಗೆಸಲು ಹೋದರೆ ಬೆಂಚು ಖಾಲಿ. ಗೂಟದಲ್ಲಿ ಕೋಟೂ ಇರಲಿಲ್ಲ. ಹದಿನೈದು ದಿನದ ಹಿಂದೆ ಎದೆನೋವು ಬಂದು ಹೋಗಿಬಿಟ್ಟರು, ಇನ್ನು ಚಿಕ್ಕ ಡಾಕ್ಟರು ನೋಡುತ್ತಾರೆ ಎಂದಳು ರಿಸೆಪ್ಷನ್ನಿನ ಹುಡುಗಿ. ನಿಲ್ಲಲೂ ಆಗದೆ ಕೂರಲೂ ಆಗದೆ ಒದ್ದಾಡಿ, ಕೊನೆಗೆ ಅವರ ಜಾಗ ಬಿಟ್ಟು ಕೂತೆ.

"ಸಿಂಚು, ಆಗೆಲ್ಲ ಗದ್ದಕ್ಕೆ ಹೊಡೀತಿದ್ನಲ್ಲ... ತಪ್ಪಾಯ್ತು ಕಣೇ."

ಅವಳು ಬೆಂಚಿನ ಆ ತುದಿಯನ್ನೇ ನೋಡುತ್ತಿದ್ದಳು.

"ಡಾಕ್ಟರ್ ಆಂಟಿ ಹೇಳಿದ್ರು. 'ನಿಮ್ಮಮ್ಮ ಕೇಳೇ ಕೇಳ್ತಾರೆ, ಸ್ವಲ್ಪ ಟೈಮ್ ಕೊಡು' ಅಂತ. ಪ್ರತಿ ಸಲಾನೂ ಹೇಳೋರು."