ಎದುರುಮನೆಯ ಅಕ್ಕ ಮತ್ತು ನನ್ನ ಫಟಫಟಿ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ತಮ್ಮ ಹಳೆಯ ಸ್ಕೂಟರನ್ನು ಒದ್ದು ಒದ್ದು ಸುಸ್ತಾಗಿ ನಿಂತಿದ್ದರು. ಕಿಟಕಿಯಿಂದ ಪೆಟ್ರೋಲಿನ ವಾಸನೆ ಒಳಗೆ ಬಂತು. ಉರಿದ ಪೆಟ್ರೋಲಲ್ಲ, ಹಸಿ ಪೆಟ್ರೋಲು. ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಕುಡಿಸಿದಾಗ ಬರುವ ವಾಸನೆ ಅದು. ಕೈಯಲ್ಲಿದ್ದ ಚಹಾ ಆರಿಹೋದರೂ ಹಾಗೇ ಕುಳಿತಿದ್ದೆ... ಕಮರಿಪೇಟೆಯ ಆ ಓಣಿ, ಎದುರುಮನೆಯ ಅಕ್ಕ, ನಾನು ಆಕೆಗೆ ಆಡಿದ ಒಂದು ಮಾತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲು. ನಾನು ಹುಬ್ಬಳ್ಳಿಯ ಒಂದು ಹತ್ತಿ ಅಂಗಡಿಯಲ್ಲಿದ್ದೆ. ಊರೂರು ತಿರುಗಿ ಹತ್ತಿಯ ಮಾದರಿ ತರುವುದು ನನ್ನ ಕೆಲಸ. ನನಗಿಂತ ಮೊದಲು ಅದನ್ನು ಮಾಡುತ್ತಿದ್ದವರು ಎದುರುಮನೆಯ ಅಕ್ಕನ ಗಂಡ. ಅವರು ವಿಷಮಜ್ವರದಲ್ಲಿ ತೀರಿಕೊಂಡ ಮೇಲೆ ಅವರ ಮೋಟಾರ್ ಸೈಕಲ್ಲನ್ನು, ನಮ್ಮ ಕಡೆಯ ಮಾತಿನಲ್ಲಿ ಫಟಫಟಿಯನ್ನು, ಆಕೆಯ ಮೈದುನನಿಂದ ನಾನು ಕೊಂಡುಕೊಂಡೆ. ಆಕೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳುವ ರೂಢಿಯೂ ಇರಲಿಲ್ಲ.

ನನ್ನ ಕೈಗೆ ಬಂದ ಮೇಲೆ ಗಾಡಿ ಹಟ ಹಿಡಿಯಿತು. ಮಧ್ಯಾಹ್ನ, ಸಂಜೆ ಒಂದೆರಡು ಒದೆಗೆ ಚಾಲೂ ಆಗುತ್ತಿದ್ದದ್ದು ಬೆಳಿಗ್ಗೆ ಮಾತ್ರ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಪ್ಲಗ್ಗು ಬಿಚ್ಚಿ ಒರೆಸಿದೆ. ತಂತಿ ಬದಲಿಸಿದೆ. ಒದೆಯುವ ಮುನ್ನ ಕಾರ್ಬುರೇಟರಿನ ಗುಂಡಿ ಒತ್ತಿ ಪೆಟ್ರೋಲು ಇಳಿಸಬೇಕೆಂದು ಯಾರೋ ಹೇಳಿದ್ದರು; ಒಮ್ಮೆ ಒತ್ತುವಲ್ಲಿ ಹತ್ತು ಸಲ ಒತ್ತಿದೆ. ಕುಣಿಯಲಾರದವಳು ನೆಲ ಡೊಂಕು ಅಂದಹಾಗೆ ದಿನಕ್ಕೊಂದು ಭಾಗವನ್ನು ಬೈದೆ. ಓಣಿಯ ಜನ ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತ ನೋಡುತ್ತಿದ್ದರು.

ಒದೆಯುವ ಸದ್ದು ಕೇಳಿದರೆ ಅಕ್ಕ ತಮ್ಮ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದರು, ಏನೋ ಹೇಳಬೇಕೆನ್ನುವಂತೆ. ಹೊರಡುವ ಹೊತ್ತಿಗೆ ಗಂಡ ಸತ್ತವಳು ಎದುರಾದರೆ ಕೆಲಸ ಕೆಡುತ್ತದೆ ಎಂಬ ನಂಬಿಕೆ ಆಗ ಮನೆಮನೆಯಲ್ಲೂ ಇತ್ತು. ನಮ್ಮವ್ವ ಒಂದು ದಿನ ಆಕೆಗೆ ಕೇಳುವ ಹಾಗೆಯೇ ಅಂದಳು: "ಮುಂಜಾನೆ ಎದ್ದು ಎದುರಿಗೆ ನಿಂತ್ರ ಗಾಡಿ ಹೆಂಗ ಚಾಲೂ ಆದೀತು? ನೀನರ ಹೇಳೋ."

ನಾನು ನಾಲ್ಕು ಅಕ್ಷರ ಇಂಗ್ಲಿಷು ಕಲಿತವ. ಶಕುನ ಎಂದರೆ ನಗುತ್ತಿದ್ದವ. ಆದರೆ ಅಂದು ಇಪ್ಪತ್ತು ಸಲ ಒದ್ದು ಕಾಲು ಹಿಡಿದುಕೊಂಡಿತ್ತು, ಕಟ್ಟೆಯ ಮೇಲಿನವರು ಮುಸಿಮುಸಿ ನಗುತ್ತಿದ್ದರು. "ಅಕ್ಕಾರ, ನಾ ಹೋಗೂತನಕ ಒಳಗ ಇರ್ರಿ. ಬಾಗಲಾ ಹಾಕ್ಕೋರಿ," ಎಂದೆ.

ಆಕೆ ಒಳಗೆ ಹೋದರು. ಹಳೆಯ ಬಾಗಿಲು, ಅಗುಳಿ ಬೀಳುವುದಕ್ಕೆ ಹೊತ್ತು ಹಿಡಿಯಿತು. ನಾನು ಬೆವರು ಒರೆಸಿಕೊಂಡು, ತಲೆಯ ರುಮಾಲು ಸರಿಮಾಡಿಕೊಂಡು ಮತ್ತೆ ಒದ್ದೆ. ಗಾಡಿ ಚಾಲೂ ಆಯಿತು. ಅವ್ವ ನನ್ನ ಮುಖ ನೋಡಿದಳು. ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ನಾನೂ ನಂಬಿಬಿಟ್ಟೆ... ಅವ್ವನಿಗಾದರೂ ಹುಟ್ಟಿನಿಂದ ಬಂದ ನಂಬಿಕೆ, ನನ್ನದು ಅನುಕೂಲಕ್ಕೆ ಬಂದದ್ದು.

ಅಂದಿನಿಂದ ಬೆಳಗಿನ ಹೊತ್ತು ಆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಗಾಡಿ ಕೆಲವು ದಿನ ಚಾಲೂ ಆಗುತ್ತಿತ್ತು, ಕೆಲವು ದಿನ ಇಲ್ಲ. ಆಗದ ದಿನಗಳನ್ನು ನಾನು ಗಮನಕ್ಕೆ ತಂದುಕೊಳ್ಳಲಿಲ್ಲ.

ಹೀಗೇ ವರ್ಷ ಕಳೆದಿರಬೇಕು. ನನ್ನ ತಂಗಿಗೆ ಧಾರವಾಡದಲ್ಲಿ ಮುಲ್ಕಿ ಪರೀಕ್ಷೆ, ಅಂದರೆ ಆಗಿನ ಕನ್ನಡ ಏಳನೆಯ ಇಯತ್ತೆಯದು, ಇತ್ತು. ಪಾಸಾದರೆ ಸಾಲಿಯಲ್ಲಿ ಕಲಿಸುವ ಕೆಲಸ ಸಿಗಬಹುದು ಎಂಬುದು ಅವಳ ಆಸೆ. ಈ ಸಲ ತಪ್ಪಿದರೆ ಓದು ಸಾಕು, ಗಂಡು ಗೊತ್ತುಮಾಡುವುದೇ ಎಂದು ಅವ್ವ ಖಂಡಿತವಾಗಿ ಹೇಳಿದ್ದಳು. ನಾನೋ ಜಂಬದವ, ಮನೆಯಲ್ಲಿ ಫಟಫಟಿ ಇರುವಾಗ ರೈಲು ಯಾಕೆ ಅಂದುಬಿಟ್ಟಿದ್ದೆ. ರೈಲು ಹೋದ ಮೇಲೆ ಗಾಡಿ ಹೊರಗೆ ತೆಗೆದೆ. ಗುಂಡಿ ಒತ್ತಿದೆ, ಒದ್ದೆ, ಮತ್ತೆ ಒತ್ತಿದೆ, ಮತ್ತೆ ಒದ್ದೆ. ಅರ್ಧ ತಾಸು ಹೋಯಿತು. ಟಾಂಗಾ ಹಿಡಿದರೂ ಇನ್ನು ಹೊತ್ತಿಗೆ ಮುಟ್ಟುವಂತಿರಲಿಲ್ಲ. ತಂಗಿ ಪುಸ್ತಕ ಎದೆಗವಚಿಕೊಂಡು ನಿಂತಲ್ಲೇ ಅಳತೊಡಗಿದಳು.

ಆಗ ಎದುರುಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ಅಕ್ಕನ ಮಾತು ಕೇಳಿತು.

"ತಮ್ಮಾ, ಒದೀಬ್ಯಾಡ್ರಿ. ಪೆಟ್ರೋಲ್ ಭಾಳ ಆಗೇತಿ, ಇಲ್ಲೀತನಕ ವಾಸನಿ ಬರಾಕತ್ತೈತಿ. ನಳಾ ಬಂದ್ ಮಾಡ್ರಿ."

ಟಾಕಿಯ ಕೆಳಗಿನ ಪೆಟ್ರೋಲ್ ನಳ ಬಂದ್ ಮಾಡಿದೆ.

"ಸ್ವಲ್ಪ ತಡೀರಿ. ಅದಕ್ಕ ಉಸಿರಾಡಾಕ ಬಿಡ್ರಿ... ಈಗ ಬಲಗೈ ಹಿಡಿಕಿ ಪೂರಾ ತಿರುವಿ ಹಿಡಿದು ಏಳೆಂಟು ಸಲ ಒದೀರಿ. ಹತ್ತೂದಿಲ್ಲ, ಗಾಬರಿ ಆಗಬ್ಯಾಡ್ರಿ. ಆಮ್ಯಾಲ ನಳಾ ಬಿಡ್ರಿ. ಗುಂಡಿ ಮುಟ್ಟಬ್ಯಾಡ್ರಿ."

ಹೇಳಿದಂತೆ ಮಾಡಿದೆ. ನಳ ಬಿಟ್ಟು ಎರಡನೆಯ ಒದೆಗೆ ಗಾಡಿ ಚಾಲೂ ಆಯಿತು. ತಂಗಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆ.

ಧಾರವಾಡದ ಹಾದಿಯಲ್ಲಿ ರಾಯಾಪುರ ದಾಟುವಾಗ ನನಗೆ ಎಲ್ಲ ತಿಳಿಯಿತು. ಅಂದು ಆಕೆ ಒಳಗೆ ಹೋಗಿ ಅಗುಳಿ ಹಾಕುವಷ್ಟು ಹೊತ್ತು ನಾನು ಒದೆಯುವುದನ್ನು ಬಿಟ್ಟಿದ್ದೆ. ಹೆಚ್ಚಾದ ಪೆಟ್ರೋಲು ಅಷ್ಟರಲ್ಲಿ ಆರಿತ್ತು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ.

ಸಂಜೆ ತಂಗಿ ಎದುರುಮನೆಗೆ ಹೋಗಿ ಬಹಳ ಹೊತ್ತು ಕುಳಿತು ಬಂದಳು. ಅಕ್ಕನ ಗಂಡನಿಗೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಯಂತ್ರದಲ್ಲಿ ಎಡಗೈಯ ಬೆರಳು ಹೋಗಿದ್ದವಂತೆ. ದಿನಾ ಬೆಳಿಗ್ಗೆ ಹಿತ್ತಲಲ್ಲಿ, ಯಾರೂ ನೋಡದ ಹಾಗೆ, ನಳ ಬಿಟ್ಟು ಗುಂಡಿ ಒತ್ತುತ್ತಿದ್ದವರು ಈಕೆ, ಅವರು ಒದೆಯುತ್ತಿದ್ದರು. "ಗುಂಡಿ ಭಾಳ ಒತ್ತಬ್ಯಾಡ್ರಿ ಅಂತ ಹೇಳಾಕನ ಹೊಸ್ತಿಲಿಗೆ ಬರ್ತಿದ್ರಂತ ಅಣ್ಣಾ," ಎಂದಳು ತಂಗಿ. ನಾನು ತಲೆ ತಗ್ಗಿಸಿ ಊಟ ಮಾಡಿದೆ.

ಮರುದಿನವೇ ಹೋಗಿ, ಅಕ್ಕಾರ, ತಪ್ಪಾತು, ಬಾಗಲಾ ತೆರಕೊಂಡು ಕುಂದರ್ರಿ ಎನ್ನಬೇಕಿತ್ತು. ಇಂದು ನಾಳೆ ಎಂದೆ. ಅವ್ವ ಏನಂದಾಳು ಎಂದೆ. ನಿಜವೆಂದರೆ ನನಗೆ ನಾಚಿಕೆ ಇತ್ತು, ನಾಚಿಕೆಗಿಂತ ಹೆಚ್ಚು ಸೊಕ್ಕಿತ್ತು. ತಂಗಿ ಪಾಸಾದಳು, ಮುಂದೆ ಮಾಸ್ತರಿಕೆಯೂ ಸಿಕ್ಕಿತು. ಎದುರಿನ ಬಾಗಿಲು ಮಾತ್ರ ಬೆಳಿಗ್ಗೆ ಮುಚ್ಚಿಯೇ ಇತ್ತು.

ಒಂದು ದಿನ ಓಣಿಯಲ್ಲಿ ಚಕ್ಕಡಿ ನಿಂತಿತ್ತು, ಅದರಲ್ಲಿ ಆಕೆಯ ಪಾತ್ರೆ ಪಗಡೆ. ಅಣ್ಣನ ಮನೆಗೆ, ಗೋಪನಕೊಪ್ಪಕ್ಕೆ, ಹೋಗುವವರಿದ್ದರು. ನಾನು ಗಾಡಿಯ ಹತ್ತಿರ ತಡವರಿಸುತ್ತ ನಿಂತಿದ್ದೆ. ಹೊರಗೆ ಬಂದರೆ ಮಾತಾಡಬೇಕೆಂದೇ ನಿಂತಿದ್ದೆ. ಚಕ್ಕಡಿಯವನು ಹತ್ತಿರ ಬಂದ.

"ನೀವು ಹೋದ ಮ್ಯಾಲನ ಹೊರಗ ಬರ್ತಾರಂತ್ರಿ ಅವ್ರು. ಲಗೂ ಹೊಂಡ್ರಿ ಸಾಹೇಬ್ರ, ಎತ್ತು ಬಿಸಲಾಗ ನಿಂತಾವ."

ಅಂದು ಗಾಡಿ ಒಂದೇ ಒದೆಗೆ ಚಾಲೂ ಆಯಿತು. ನಾನು ಹೊರಟುಹೋದೆ.

ಗೋಪನಕೊಪ್ಪ ಎಷ್ಟು ದೂರ, ಫಟಫಟಿಗೆ ಹತ್ತು ನಿಮಿಷದ ಹಾದಿ. ತಂಗಿ ಹೋಗಿಬರುತ್ತಿದ್ದಳು. ಅಕ್ಕ ತೀರಿಕೊಂಡ ಸುದ್ದಿಯನ್ನೂ ಅವಳೇ ತಂದಳು. ನಾನು ಒಮ್ಮೆಯೂ ಹೋಗಲಿಲ್ಲ.

ಈಗ ತಂಗಿಯೂ ಇಲ್ಲ. ಬಾಗಿಲ ಹಿಂದಿನಿಂದ ಬಂದ ಆ ಮಾತುಗಳು ಒಂದೂ ತಪ್ಪದೆ ನೆನಪಿವೆ. ಆಕೆಯ ಮುಖ ಹೇಗಿತ್ತೆಂದು ಮೊನ್ನೆಯಿಂದ ನೆನೆಯುತ್ತಿದ್ದೇನೆ... ಬರುತ್ತಿಲ್ಲ. ಬಾಗಿಲು ಹಾಕಿಕೊಳ್ಳಿ ಎಂದು ನಾನೇ ಹೇಳಿದ್ದೆನಲ್ಲ.