ಕೆಂಪು ಗೂಟ ಹೊಡೆದ ಹೊಲ

ಸೊಕ್ಕೆಯ ನಮ್ಮ ಹೊಲಕ್ಕೆ ಸಂಶೋಧನೆ ಬಂದ ವರ್ಷ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಎಂಬತ್ತರ ದಶಕದ ಮಾತು. ಅದಕ್ಕೆ ಮೊದಲು ಗೊರಕೆ ಹೊಡೆಯುತ್ತಿದ್ದೆ ಎಂದೇನಲ್ಲ. ಚಿಂತೆಗೆ ಒಂದು ಗಟ್ಟಿ ಕಾರಣ ಸಿಕ್ಕಿತು, ಅಷ್ಟೇ.

ಕೃಷಿ ಕಾಲೇಜಿನ ಮೇಷ್ಟ್ರೊಬ್ಬರು ಜೀಪಿನಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕೂತರು. ಪ್ರಶ್ನೆ ರೈತರದು, ಹೊಲ ರೈತರದು, ಪ್ರಯೋಗ ಮಾಡುವವರೂ ರೈತರೇ. ಖರ್ಚಿನ ಅನುದಾನ ಮಾತ್ರ ತಮ್ಮದು ಎಂದರು. ನಿಮ್ಮ ಪ್ರಶ್ನೆ ಏನು ಎಂದು ಕೇಳಿದಾಗ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅಕ್ಕಡಿಯ ಮಾತು ತೆಗೆದೆ. ಶೇಂಗಾದ ನಡುನಡುವೆ ಒಂದೊಂದು ಸಾಲು ತೊಗರಿ, ಅಲಸಂದೆ ಬಿತ್ತುವುದು ನಮ್ಮ ಕಡೆಯ ರೂಢಿ. ಅದನ್ನು ಬಿಟ್ಟರೆ ಲಾಭವೋ, ಇಟ್ಟುಕೊಂಡರೆ ಲಾಭವೋ?

"ಭೇಷ್! ಅರ್ಧ ಹೊಲಕ್ಕೆ ಅಕ್ಕಡಿ ಹಾಕ್ರಿ, ಇನ್ನರ್ಧಕ್ಕೆ ಬ್ಯಾಡ. ಬೆಳೆ ಕಮ್ಮಿ ಬಂದ್ರೆ ಆ ನಷ್ಟಾನೂ ನಾವೇ ತುಂಬಿ ಕೊಡ್ತೀವಿ," ಅಂದರು ಮೇಷ್ಟ್ರು.

ನನಗೆ ಅನುಮಾನ ಹುಟ್ಟಿದ್ದು ಅಲ್ಲೇ. ನಮ್ಮ ನಷ್ಟಕ್ಕೆ ದುಡ್ಡು ಕೊಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಚನ್ನಗಿರಿ ಕಡೆ ಉಬ್ರಾಣಿಯವರು ಆಗಲೇ ಒಪ್ಪಿದ್ದಾರೆ ಎಂದು ಬೇರೆ ಹೇಳಿದರು. ಹೋಗಿ ಕೇಳಲಾಗದಷ್ಟು ದೂರದ ಊರನ್ನೇ ಸಾಕ್ಷಿಗೆ ಯಾಕೆ ಕರೆದರೋ! ಆದರೂ ಒಪ್ಪಿದೆ. ಒಲ್ಲೆ ಅಂದರೆ ಇನ್ನೇನು ಮಾಡುತ್ತಾರೋ ಎಂಬ ಭಯ.

ಬಿತ್ತನೆಯ ದಿನ ಮೇಷ್ಟ್ರು ಅಕ್ಕಡಿಯಿಲ್ಲದ ಅರ್ಧದ ಮೂಲೆಮೂಲೆಗೆ ಕೆಂಪು ಬಣ್ಣದ ಗೂಟ ಹೊಡೆಸಿದರು. ನಾನು ಒಂದೊಂದೇ ಎಣಿಸಿದೆ. ಎಪ್ಪತ್ತರ ದಶಕದಲ್ಲಿ, ಉಳುವವನಿಗೆ ಭೂಮಿ ಎಂದು ಟ್ರಿಬ್ಯೂನಲ್ ನಡೆಯುತ್ತಿದ್ದಾಗ, ಗೂಟ ಬಿದ್ದ ಹೊಲ ಕೈಬದಲಾಗುವುದನ್ನು ನಮ್ಮೂರು ಕಂಡಿತ್ತು.

"ಅಷ್ಟು ಸರ್ಕಾರಕ್ಕೆ ಹೋತು ಬಿಡು," ಅಂದಳು ಅವ್ವ.

"ಸುಮ್ನಿರವ್ವ, ಅದು ಪ್ರಯೋಗ."

"ಹಂಗಾದ್ರೆ ದಿನಾ ಬೆಳಗಾಗೆದ್ದು ಗೂಟ ನೋಡಾಕೆ ಯಾಕೆ ಓಡ್ತೀಯ?"

ಅವು ರಾತ್ರಿ ಸರಿದಿವೆಯೇನೋ ಎಂದು ನೋಡಲು ಹೋಗುತ್ತಿದ್ದೆ.

ಕಳೆ ತೆಗೆಯುವ ಹೊತ್ತಿಗೆ ಮೇಷ್ಟ್ರು ಮತ್ತೆ ಬಂದರು. ಗೂಟಗಳ ಒಳಗೆ ನಿಂತು ಬಗ್ಗಿ ನೋಡಿದರು. ಶೇಂಗಾದ ನಡುವೆ ತೊಗರಿ, ಅಲಸಂದೆ ಎಳೆ ಎಲೆ ಬಿಟ್ಟು ನಗುತ್ತಿದ್ದವು. ದಿನಾ ಗೂಟವನ್ನಷ್ಟೇ ನೋಡಿ ಬರುತ್ತಿದ್ದ ನನಗೆ ಅವು ಕಂಡೇ ಇರಲಿಲ್ಲ.

"ಇದನ್ನ ಯಾರು ಹಾಕಿದ್ದು?"

"ನಾನೇ ಕಣಪ್ಪ," ಅಂದಳು ಅವ್ವ, ಕುಡುಗೋಲು ಕೆಳಗಿಡದೆ. "ಅಕ್ಕಡಿ ಇಲ್ದಿದ್ರೆ ನೋಡಿದೋರು ಈ ಹೊಲ ಇವರ್ದಲ್ಲ ಅಂತಾರೆ. ನಮ್ಮ ಗುರುತು ಇರ್ಲಿ ಅಂತ ಕೈಯಲ್ಲೇ ಊರಿದೆ."

"ಅಯ್ಯೋ ಅವ್ವಾ! ಎರಡೂ ಕಡೆ ಹಾಕಿದ್ರೆ ಹೋಲಿಸಾದು ಹೆಂಗೆ?"

"ಹೋಲಿಸಾಕೆ ನಮ್ಮ ಹೊಲಾನೇ ಬೇಕೇನು? ನಿಮ್ಮ ಕಾಲೇಜಿಗೆ ಹೊಲ ಇಲ್ವಾ?"

ಮೇಷ್ಟ್ರು ಟೋಪಿ ತೆಗೆದು ತಲೆ ಒರೆಸಿಕೊಂಡರು. ಈ ಪ್ರಯೋಗ ಲೆಕ್ಕಕ್ಕಿಲ್ಲ, ಮುಂದಿನ ಅನುದಾನವೂ ಬರುವುದಿಲ್ಲ ಎಂದರು. ನನಗೆ ಕೇಳಬೇಕಾದದ್ದು ಬೇರೆಯೇ ಇತ್ತು.

"ಹೊಲ, ಸಾರ್?"

"ಯಾವ ಹೊಲ?"

"ಇದೇ... ಗೂಟದ್ದು."

"ನಿಮ್ದೇ ಐತಲ್ರೀ!"

ಗೂಟಗಳನ್ನು ಕೀಳಿಸಿದರು. ಒಂದು ಕಾಣಲಿಲ್ಲ. ಅವತ್ತು ಬೆಳಿಗ್ಗೆ ನಾನು ನೋಡಿ ಬಂದ ಮೇಲೆ ಅವ್ವ ಅದನ್ನು ಕಿತ್ತು ಕೊಟ್ಟಿಗೆಯಲ್ಲಿ ನೆಟ್ಟು ಕರು ಕಟ್ಟಿದ್ದಳಂತೆ.

"ಅದನ್ನೂ ಕೊಡ್ರಿ, ಗೋವಿನಕೋವಿ ಊರಿನ ಹೊಲಕ್ಕೆ ಬೇಕು," ಅಂದರು ಮೇಷ್ಟ್ರು.

"ಕರು ನಿಮ್ಮ ಜೀಪಿಗೆ ಕಟ್ಲಾ?" ಅಂದಳು ಅವ್ವ.

ಮೇಷ್ಟ್ರು ನಕ್ಕು, ಇರಲಿ ಬಿಡ್ರಿ ಎಂದು ಜೀಪು ಹತ್ತಿದರು. ಅವ್ವ ಗೆದ್ದವಳಂತೆ ಕಳೆಗೆ ಬಗ್ಗಿದಳು. ನಾನು ಮಾತ್ರ ಅಲ್ಲೇ ನಿಂತೆ. ಹೊಲ ಬೇಡದವರು ಗೂಟ ಕೇಳಿದ್ದು ಯಾಕೆ? ಕೇಳಿದವರು ಅಷ್ಟು ಸುಲಭಕ್ಕೆ ಬಿಟ್ಟುಹೋದದ್ದು ಯಾಕೆ?

ಜೀಪಿನ ಧೂಳು ಅಡಗಿದ ಮೇಲೆ ನೆಟ್ಟಗೆ ಮನೆಗೆ ಹೋಗಿ, ಕರು ಬಿಚ್ಚಿ, ಆ ಗೂಟವನ್ನು ಕೊಟ್ಟಿಗೆಯಿಂದ ಕಿತ್ತುಹಾಕಿದೆ. ಹೊಲವೇನೋ ಉಳಿದಿತ್ತು, ಕೊಟ್ಟಿಗೆಯ ಜಾಗ ಹೋಗುವುದು ಬೇಡ.