ನಮ್ಮ ಕೊಳಕ್ಕೆ ತಂದ ಕಪ್ಪು ಹಂಸಗಳು

ಲಂಡನ್ನಿನ ಹೇಸ್‌ನಲ್ಲಿ ನಮ್ಮ ಫ್ಲ್ಯಾಟುಗಳ ಹಿಂದೆ ಒಂದು ಸಣ್ಣ ಕೊಳವಿದೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಅದರ ಸುತ್ತ ನಡೆಯುತ್ತಿದ್ದೆ. ಅಲ್ಲಿನ ಜೊಂಡಿನಲ್ಲಿ ನಾಮಕೋಳಿ ಎಂಬ ನೀರುಹಕ್ಕಿಗಳಿದ್ದವು. ಕರಿ ಮೈ, ಹಣೆಗೆ ಬಿಳಿ ನಾಮ, ಸದಾ ಜಗಳ. ನನಗೆ ಅಚ್ಚುಮೆಚ್ಚು.

ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷನಿಗೆ ಅವು ಸಾಲಲಿಲ್ಲ. ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಬಂದು ನೆಲೆಸಿದವನು. ಹಕ್ಕಿ ಸಾಕುವವನೊಬ್ಬನಿಂದ ಆಸ್ಟ್ರೇಲಿಯಾ ಮೂಲದ ಒಂದು ಜೋಡಿ ಕಪ್ಪು ಹಂಸ ತಂದು ನೀರಿಗೆ ಬಿಟ್ಟ. ದಡದಲ್ಲೊಂದು ರಿಬ್ಬನ್ ಬೇರೆ ಕಟ್ಟಿದ್ದ! ಕೊಳಕ್ಕೆ ರಿಬ್ಬನ್ ಕತ್ತರಿಸಿದ ಮನುಷ್ಯನನ್ನು ನಾನು ನೋಡಿದ್ದು ಅದೊಂದೇ ಸಲ.

ಚಳಿಗಾಲ ಮುಗಿಯುವ ಮೊದಲೇ ಹಂಸಗಳು ಜೊಂಡು ಕಿತ್ತು ರಾಶಿ ಹಾಕಿ ಗೂಡು ಮಾಡಿಕೊಂಡವು. ಮಾರ್ಚಿನಲ್ಲಿ ನಾಮಕೋಳಿಗಳಿಗೆ ಜಾಗವೇ ಉಳಿದಿರಲಿಲ್ಲ. ಒಂದು ಜೋಡಿ ಮಾತ್ರ ಹಠ ಹಿಡಿದು ಅಂಚಿನಲ್ಲಿ ಗೂಡು ಕಟ್ಟಿತು. ಗಂಡು ಹಂಸ ಕತ್ತು ಚಾಚಿ ನುಗ್ಗಿ ಅದನ್ನು ಮಗುಚಿ ಹಾಕಿದ್ದನ್ನು ಕಣ್ಣಾರೆ ಕಂಡೆ. ತಳದ ಗಿಡಗಳನ್ನೂ ಅವು ಮೇಯ್ದು ಮುಗಿಸಿದ ಮೇಲೆ ನೀರು ಹಸಿರುಗಟ್ಟಿ ನಾರತೊಡಗಿತು. ನಮ್ಮ ಜನ ಆ ನಾತದಲ್ಲೇ ನಿಂತು ಬ್ರೆಡ್ ಎಸೆದು ಸೆಲ್ಫಿ ತೆಗೆದುಕೊಂಡರು.

ಸಂಘದ ಸಭೆಯಲ್ಲಿ ಎದ್ದು ನಿಂತೆ. "ನಾಮಕೋಳಿ ಮೊಟ್ಟಿ ಎಲ್ಲಾ ನೀರಾಗ ಹೋದ್ವು. ಈ ಹಂಸಗಳನ್ನ ಇಲ್ಲಿಂದ ಒಯ್ಯಬೇಕ್ರಿ" ಎಂದೆ.

ಅಧ್ಯಕ್ಷ ನಕ್ಕ. "ಡಾಕ್ಟ್ರೇ, ಆ ಕೋಳಿಗಳನ್ನ ಯಾರು ನೋಡ್ತಾರೆ ಹೇಳಿ? ಇವು ಎಷ್ಟು ಕ್ಲಾಸಾಗಿವೆ! ನಾವೂ ಹೊರಗಿಂದಾನೇ ಬಂದೋರಲ್ವಾ?"

ಜನ ಚಪ್ಪಾಳೆ ತಟ್ಟಿದರು.

"ನಾವು ನಮ್ಮ ಕಾಲ ಮ್ಯಾಲೆ ಬಂದೇವ್ರಿ. ಇವನ್ನ ನೀವು ಶೋಕಿಗೆ ತಂದೀರಿ" ಎಂದೆ. ಎಲ್ಲರೂ ಮೊಬೈಲ್ ನೋಡಿಕೊಂಡರು.

ಜೂನಿನಲ್ಲಿ ಅಧ್ಯಕ್ಷ ನೆಂಟರನ್ನು ಕರೆತಂದು, ಫೋಟೋಕ್ಕೆಂದು ಹಂಸದ ಮರಿಗಳ ಹತ್ತಿರ ಬಗ್ಗಿದ. ಗಂಡು ಹಂಸ ರೆಕ್ಕೆಯಿಂದ ಬಾರಿಸಿತು. ಅವನು ಮೊಣಕೈ ಹಿಡಿದುಕೊಂಡು ನೇರ ನನ್ನ ಬಾಗಿಲಿಗೆ ಬಂದ.

"ಮುರಿದಿದೆಯಾ ನೋಡಿ ಡಾಕ್ಟ್ರೇ!"

ಮೂಳೆ ಸರಿಯಿತ್ತು. ಬರೀ ಬಾವು. ಐಸ್ ಇಡಲು ಹೇಳಿ ಬಾಗಿಲು ಹಾಕಿಕೊಂಡೆ. ಅಯ್ಯೋ ಪಾಪ ಎನಿಸಲೇ ಇಲ್ಲ.

ಅದೇ ವಾರ ಅಧ್ಯಕ್ಷ ಹಂಸಗಳನ್ನು ಮರಿಗಳ ಸಮೇತ ಒಂದು ಪಕ್ಷಿಧಾಮಕ್ಕೆ ಸಾಗಿಸಿದ. ಮೊಟ್ಟೆಗಳು ಮುಳುಗಿದಾಗ ಆಗದ ಕೆಲಸ ಅವನ ಮೊಣಕೈಗೆ ಪೆಟ್ಟು ಬಿದ್ದೊಡನೆ ಆಯಿತು. 'ಪರಿಸರ ರಕ್ಷಣೆಗಾಗಿ ಈ ಕ್ರಮ' ಎಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಬರೆದುಕೊಂಡ. ಅಭಿನಂದನೆಗಳ ಸುರಿಮಳೆ!

ಈ ವಸಂತದಲ್ಲೂ ನಾಮಕೋಳಿಗಳು ಬಂದಿಲ್ಲ. ಅಧ್ಯಕ್ಷ ಈಗ ಕೊಳದ ನಡುವೆ ಬಣ್ಣದ ದೀಪದ ಕಾರಂಜಿ ಹಾಕಿಸಲು ಹೊರಟಿದ್ದಾನೆ. ನಾನು ಕೊಳದ ದಾರಿ ಬಿಟ್ಟು ಹತ್ತಿರದ ಕಾಲುವೆಯ ಕಡೆ ನಡೆಯಲು ಹೋಗುತ್ತೇನೆ.